ಹವಾಲ್ದಾರರು ಯುದ್ಧದಿಂದ ತಂದ ಹೆಸರು

ನಾನು ನಿಂತದ್ದು ತಡಸ ಕ್ರಾಸಿನಲ್ಲಿ, ಮುಂಡಗೋಡದ ಕಡೆ ಹೊರಳುವ ರಸ್ತೆಯ ಎಡಕ್ಕಿರುವ ಗೊಬ್ಬರದಂಗಡಿಯ ಮೇಲಿನ ಮೆಟ್ಟಿಲಲ್ಲಿ. ಕೊರೊನಾದ ಮೊದಲ ಮಳೆಗಾಲ. ಗಡಿಯಲ್ಲಿ ಚೀನಿಯರ ಕೈಯಲ್ಲಿ ನಮ್ಮ ಸಿಪಾಯಿಗಳು ಸತ್ತ ಸುದ್ದಿ ಬಂದ ವಾರ. ಬೆಳಗಿನ ಬಿಸಿಲು ಆಗಷ್ಟೇ ಅಂಗಡಿಯ ತಗಡಿನ ಮೇಲೆ ಬಂದಿತ್ತು. ಹವಾಲ್ದಾರ ನಿಂಗಪ್ಪನವರು ನನ್ನ ಬಲಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇದ್ದರು. ನಮಗೂ ರಸ್ತೆಗೂ ನಡುವೆ ಏನೂ ಅಡ್ಡ ಇರಲಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಅಂದು ಅಲ್ಲಿದ್ದ ಬಹಳ ಜನ ಆಮೇಲೆ ತಾವು ಅಲ್ಲಿರಲೇ ಇಲ್ಲ ಎಂದರು.

ಹವಾಲ್ದಾರರು ಯಾವುದಕ್ಕೂ ಒರಗಿ ನಿಲ್ಲುತ್ತಿರಲಿಲ್ಲ. ವಯಸ್ಸು ಎಂಬತ್ತರ ಹತ್ತಿರ. ಎಡಗಾಲಿನ ಎರಡು ಬೆರಳು ಚೀನಾ ಯುದ್ಧದಲ್ಲಿ ಹಿಮಕ್ಕೆ ಕೊಳೆತು ಹೋಗಿದ್ದವು. ಆದರೂ ಬಸ್ ಎಷ್ಟು ತಡವಾಗಲಿ, ಕಂಬ ಹಿಡಿಯದೆ, ಗೋಡೆಗೆ ಬೆನ್ನು ಕೊಡದೆ ನಿಂತೇ ಇರುತ್ತಿದ್ದರು. ದಿನಾ ಬೆಳಿಗ್ಗೆ ನುಣ್ಣಗೆ ಗಡ್ಡ ಕೆರೆದುಕೊಂಡು ಕ್ರಾಸಿಗೆ ಬಂದು, ಬೀಬಿಜಾನಳ ಅಂಗಡಿಯಲ್ಲಿ ಚಹಾ ಕುಡಿದು, ಸವಣೂರಿನ ಎಲೆ ಮಡಿಚಿ ಬಾಯಿಗಿಟ್ಟುಕೊಂಡು, ಬಂದು ಹೋಗುವವರಿಗೆಲ್ಲ ಹೆಸರಿಡುವುದು ಅವರ ಕೆಲಸ. ಜೋರು ಗಂಟಲಿನ ಕಂಡಕ್ಟರ್ 'ತೋಪು' ಆದ. ಯಾವಾಗಲೂ ಕೊನೆಗೆ ಬರುವ ಹಾಲಿನವ 'ರಿಸರ್ವ್ ಫೋರ್ಸ್'. ಹೈಸ್ಕೂಲು ಮಾಸ್ತರನಾದ ನನಗೆ ದಪ್ಪ ಕನ್ನಡಕವಿದ್ದುದರಿಂದ 'ದುರ್ಬೀನು'. ಅವರು ಇಟ್ಟ ಹೆಸರು ವಾರದೊಳಗೆ ಊರಿನ ಬಾಯಿಗೆ ಬರುತ್ತಿತ್ತು. ನನ್ನ ಮಗಳ ಮದುವೆಗೆ ಬಂದ ಒಬ್ಬರು ದುರ್ಬೀನ ಮಾಸ್ತರರ ಮನೆ ಯಾವುದೆಂದು ನನ್ನನ್ನೇ ಕೇಳಿದ್ದರು.

ಮುಂಡಗೋಡದ ಟಿಬೇಟಿಯನ್ ಕ್ಯಾಂಪಿನಿಂದ ಬೀಜ, ಗೊಬ್ಬರಕ್ಕೆ ನಮ್ಮೂರಿಗೆ ಬರುತ್ತಿದ್ದ ಪಾಸಾಂಗನಿಗೂ ಅವರೇ ಹೆಸರಿಟ್ಟರು. ಅವನು ಮೊದಲ ಸಲ ಬಂದು ಟ್ರ್ಯಾಕ್ಟರ್ ಇಳಿದ ದಿನ, ಇನ್ನೂ ಹುಡುಗನಂತಿದ್ದ. ಹವಾಲ್ದಾರರು ಬಹಳ ಹೊತ್ತು ಅವನ ಮುಖ ನೋಡಿದರು. ಆಮೇಲೆ ನಕ್ಕು, "ಏ ಚಪ್ಟಾ, ಬಾ ಇಲ್ಲಿ, ಚಹಾ ಕುಡಿ" ಎಂದು ಕರೆದರು.

ಆ ಮಾತು ಎಲ್ಲಿಂದ ಬಂತೆಂದು ಒಮ್ಮೆ ಕೇಳಿದ್ದೆ. ಮೂಗು ಚಪ್ಪಟೆ ಎಂದು ತಮ್ಮ ತುಕಡಿಯವರು ಎದುರಿನ ಚೀನಿ ಸಿಪಾಯಿಗಳಿಗೆ ಹಾಗೆನ್ನುತ್ತಿದ್ದರಂತೆ.

"ಎದುರಿಗಿದ್ದಂವಗ ಒಂದ್ ಹೆಸರೈತಿ, ಮನ್ಯಾಗ ಅವ್ವ ಅದಾಳ ಅಂತ ನೆನಪಾತಂದ್ರ ಬಟ್ಟು ಕುದುರಿ ಮ್ಯಾಲ ನಿಲ್ಲೂದಿಲ್ಲ ಮಾಸ್ತರ. ಅದಕ ಎಲ್ಲಾರಿಗೂ ಸೇರಿ ಒಂದ ಹೆಸರು."

"ಕುದುರಿ ಅಂದ್ರ?"

"ಬಂದೂಕಿನ ಕುದುರಿ ಮಾರಾಯಾ. ಒತ್ತಿದ್ರ ಗುಂಡು ಹಾರತೈತಲ್ಲ, ಅದು."

"ಆದ್ರ ಈ ಪಾಸಾಂಗ ಚೀನಾದಂವ ಅಲ್ಲಲ್ರಿ."

"ನನಗ ಗೊತ್ತಿಲ್ಲೇನು? ಸಿಪಾಯಿ ಬಾಯಿ ಇದು. ಮನಸಿನ್ಯಾಗ ಏನೂ ಇಲ್ಲ."

ಏನೂ ಇರಲಿಲ್ಲ ಎಂಬುದನ್ನು ನಾನೂ ಹೇಳಬಲ್ಲೆ. ಪಾಸಾಂಗ ಬಂದರೆ ಅವನ ಚಹಾದ ದುಡ್ಡು ಇವರೇ ಕೊಡುತ್ತಿದ್ದರು. ಪ್ರತಿ ಚಳಿಗಾಲ ಪಾಸಾಂಗನ ಹೆಂಡತಿ ಹವಾಲ್ದಾರರಿಗೆಂದು ಉಣ್ಣೆಯ ಕಾಲುಚೀಲ ಹೆಣೆದು ಕಳಿಸುತ್ತಿದ್ದಳು. ಬೆರಳಿಲ್ಲದ ಎಡಗಾಲಿನದನ್ನು ತುದಿಯಲ್ಲಿ ಮೊಂಡಾಗಿ ಹೆಣೆದಿರುತ್ತಿದ್ದಳು.

ಊರಿಗೆ ಅವನ ಬೇರೆ ಹೆಸರು ಬೇಕಾಗಲಿಲ್ಲ. ಗೊಬ್ಬರದಂಗಡಿಯ ಮಹಾದೇವಪ್ಪ, ಲಾರಿ ಬಂದಾಗ ಗಿರಾಕಿಗಳ ಚೀಲ ಬೇರೆ ತೆಗೆದಿಟ್ಟು, ಕೆಂಪು ಬಣ್ಣದಲ್ಲಿ ಯಾರದೆಂದು ಬರೆಯುತ್ತಿದ್ದ. ಖರೇ ಹೆಸರು ಬರೆದರೆ ಹಮಾಲರಿಗೆ ತಿಳಿಯದೆಂದು ಅಡ್ಡಹೆಸರನ್ನೇ ಬರೆಯುವುದು ಅವನ ಪದ್ಧತಿ. ಪಾಸಾಂಗನ ಚೀಲಗಳ ಮೇಲೆ ದೊಡ್ಡದಾಗಿ 'ಚಪ್ಟಾ' ಎಂದಿರುತ್ತಿತ್ತು. ಶಾಲೆಯಲ್ಲಿ ಗಣರಾಜ್ಯೋತ್ಸವಕ್ಕೆ ಹವಾಲ್ದಾರರ ಭಾಷಣವಾದಾಗಲೂ ಹುಡುಗರು ಕಾಯುತ್ತಿದ್ದುದು ಆ ಮಾತಿಗೇ. ಅವರು "ಬಂದ್ರು ನೋಡ್ರಿ ಚಪ್ಟಾಗಳು" ಎಂದರೆ ಸಾಲುಸಾಲೇ ಚಪ್ಪಾಳೆ ಹೊಡೆಯುತ್ತಿದ್ದವು.

ಬ್ಯಾಸರ ಆಗುವುದಿಲ್ಲವೇ ಎಂದು ಪಾಸಾಂಗನನ್ನು ಒಂದು ಸಲ ಕೇಳಿದೆ. ಅವನ ಕನ್ನಡ ನಮ್ಮದಕ್ಕಿಂತ ಬೇರೆ ಇರಲಿಲ್ಲ.

"ಈ ಊರಾಗ ಯಾರಿಗ ಹೆಸರಿಟ್ಟಿಲ್ರಿ ಸರ್? ನಿಮಗೂ ದುರ್ಬೀನ ಅಂತಾರಲ್ಲ" ಎಂದು ನಕ್ಕ. ಚೀಲ ಎತ್ತಿ ಗಾಡಿಗೆ ಹಾಕಿದ ಮೇಲೆ ಹೇಳಿದ: "ಆದ್ರ ನಿಮ್ಮ ಹೆಸರು ನಿಮ್ಮ ಚಾಳೀಸಿಗೆ ಇಟ್ಟದ್ದು. ಚಾಳೀಸು ತಗದಿಟ್ರ ಹೋತು."

ಈಗ ಆ ಬೆಳಗು. ಪಾಸಾಂಗ ಮಾಸ್ಕ್ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ರಸ್ತೆಯ ಅಂಚಿನಲ್ಲಿ ಚೀಲ ಹೇರುತ್ತಿದ್ದ. ದೂರದಿಂದ ನೋಡಿದರೆ ಯಾರೂ ಆಗಿರಬಹುದಿತ್ತು. ಕ್ರಾಸಿನ ಆಚೆ ಚೀನಾದ ಬೊಂಬೆ ಸುಟ್ಟು ಹುಡುಗರ ಗುಂಪು ಘೋಷಣೆ ಕೂಗುತ್ತ ಬಂತು. ಸುತ್ತಲಿನ ಹಳ್ಳಿಗಳವರು, ಹೆಚ್ಚಿನವರು ನಮ್ಮ ಶಾಲೆಯಲ್ಲೇ ಓದಿದವರು. ಮುಂದಿದ್ದವನ ಕೈಯಲ್ಲಿ ಬೊಂಬೆ ಕಟ್ಟಿದ್ದ ಬಿದಿರಿನ ಬಡಿಗೆ ಇತ್ತು. ಅವನು ಚೀಲದ ಮೇಲಿನ ಕೆಂಪು ಅಕ್ಷರ ಓದಿದ. ಓದುವಾಗ ಅವನ ತುಟಿ ಅಲುಗಾಡಿದ್ದನ್ನು ನಾನು ಕಂಡೆ. ಆಮೇಲೆ ಹೋಗಿ ಪಾಸಾಂಗನ ಮಾಸ್ಕ್ ಎಳೆದ.

ಮೊದಲ ಪೆಟ್ಟು ಹೆಗಲಿಗೆ ಬಿತ್ತು. ಎರಡನೆಯದು ಮುಖಕ್ಕೆ. ಪಾಸಾಂಗ ಕೈ ಅಡ್ಡ ತರಲಿಲ್ಲ, ಕೈಯಲ್ಲಿ ಚೀಲವಿತ್ತು. ಗುಂಪು ಆ ಒಂದೇ ಹೆಸರನ್ನು ಕೂಗುತ್ತಿತ್ತು.

ಹವಾಲ್ದಾರರು ಮೆಟ್ಟಿಲು ಹೇಗೆ ಇಳಿದರೋ ನನಗೆ ಗೊತ್ತಾಗಲಿಲ್ಲ. "ಬಿಡ್ರಲೇ! ಅಂವ ಚೀನಾದಂವ ಅಲ್ಲ, ನಮ್ಮಂವ" ಎಂದು ಕೂಗಿದ್ದು ಕೇಳಿತು. ಬಡಿಗೆ ಹಿಡಿದವನು ತಿರುಗಿ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆಯಿತ್ತು.

"ಅಜ್ಜಾರ, ಚಪ್ಟಾ ಅಂದ್ರ ಯಾರು ಅಂತ ಸಾಲ್ಯಾಗ ನೀವ ಹೇಳಿದ್ರಲ್ಲ?"

ಹವಾಲ್ದಾರರು ಕೆಳಗೆ ಬಿದ್ದಿದ್ದ ಪಾಸಾಂಗನ ಮೇಲೆ ಮೈ ಚಾಚಿ ಮಲಗಿಬಿಟ್ಟರು. ಅವರ ಬೆನ್ನಿಗೂ ಪೆಟ್ಟು ಬಿತ್ತು. ಮುದುಕರಿಗೆ ಬಿತ್ತೆಂದು ಗೊತ್ತಾದ ಮೇಲೆ ಗುಂಪು ಚದುರಿತು.

ಪಾಸಾಂಗನ ಎಡಗಣ್ಣು ಹೋಯಿತು. ಹುಬ್ಬಳ್ಳಿಯ ಡಾಕ್ಟರರಿಗೆ ಉಳಿಸಲಾಗಲಿಲ್ಲ.

ಹುಡುಗರ ಬಾಳು ಹಾಳಾಗುತ್ತದೆ, ರಾಜಿ ಮಾಡೋಣವೆಂದು ಊರ ಹಿರಿಯರು ಕೂಡಿದರು. ಎಂದೋ ಮುಗಿದ ಯುದ್ಧದ ಚೇಷ್ಟೆಯ ಮಾತು, ಅದಕ್ಕೆ ಇಂದು ಯಾರಿಗೆ ಏನು ನೋವು ಎಂದೂ ಒಬ್ಬರು ಅಂದರು. ಹವಾಲ್ದಾರರು ಎದ್ದು ನೆಟ್ಟಗೆ ಪೊಲೀಸ್ ಠಾಣೆಗೆ ನಡೆದರು. ನಾನೂ ಹೋದೆ.

"ಆರೋಪಿಗಳೊಳಗ ಮೊದಲನೇ ಹೆಸರು ನಂದು ಬರಕೋರಿ" ಎಂದರು.

ಸಾಹೇಬರು ಪೆನ್ನು ಕೆಳಗಿಟ್ಟರು. "ಅಜ್ಜಾರ, ನೀವು ಬಿಡಿಸಾಕ ಹೋದವರು. ಪೆಟ್ಟು ತಿಂದವರು."

"ಹುಡುಗರ ಕೈಯಾಗ ಹತಿಯಾರ ಕೊಟ್ಟಂವ ನಾನ."

"ಬಿದರಬಡಿಗಿ ನೀವು ಕೊಟ್ರೇನು?"

ಹವಾಲ್ದಾರರು ಹೆಸರಿನ ಕತೆ ಹೇಳಿದರು. ಹಿಂದೆ ನಿಂತಿದ್ದ ಪೇದೆಗೆ ನಗು ತಡೆಯಲಿಲ್ಲ. ಸಾಹೇಬರು ಮೆಲ್ಲಗೆ, "ಮಾತಿಗೆಲ್ಲಾ ಕೇಸ್ ಹಾಕೂದಾದ್ರ ಈ ಸ್ಟೇಶನ್ ಸಾಲೂದಿಲ್ರಿ. ನೀವು ಸಾಕ್ಷಿ ಅಷ್ಟ" ಎಂದು ಬರೆದುಕೊಂಡರು.

ಬಸ್ಸುಗಳು ಸರಿಯಾಗಿ ಓಡತೊಡಗಿದ ಮೇಲೆ ಇಬ್ಬರೂ ಕ್ಯಾಂಪಿಗೆ ಹೋದೆವು. ದಾರಿಯಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೇಳಿದರು: "ಮಾಸ್ತರ, ಅಂವನ ಹೆಸರು ಏನು?"

ನಲವತ್ತು ವರ್ಷ ಚಹಾ ಕುಡಿಸಿದವನ ಹೆಸರು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಮುಂಡಗೋಡ ಬರುವ ತನಕ ತುಟಿಯೊಳಗೇ ಅಂದುಕೊಳ್ಳುತ್ತಿದ್ದರು.

ಪಾಸಾಂಗ ಕಟ್ಟೆಯ ಮೇಲೆ ಕುಳಿತಿದ್ದ. ಕಣ್ಣಿಗೆ ಬಿಳಿ ಪಟ್ಟಿ. ಹೆಂಡತಿ ನಮ್ಮನ್ನು ನೋಡಿ ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

"ಕುಂದರ್ರಿ" ಎಂದ.

ಹವಾಲ್ದಾರರು ಕೂಡಲಿಲ್ಲ. "ಪಾಸಾಂಗಾ" ಎಂದರು.

ಪಾಸಾಂಗ ಅಂಗಳದ ಕಡೆ ನೋಡುತ್ತ ಹೇಳಿದ: "ನಮ್ಮವ್ವ ನನ್ನ ಬೆನ್ನಿಗೆ ಕಟಗೊಂಡು ಹಿಮದಾಗ ನಡಕೋತ ಬಂದಾಕಿರಿ. ನಮ್ಮಣ್ಣಗ ಏಳು ವರ್ಷ. ಅವನ್ನ ಚೀನಾ ಮಿಲ್ಟ್ರಿಯವರು ಹೊಡದ್ರು. ಅವ್ವಗ ಅಂವನ್ನ ಎತ್ತಕೊಳ್ಳಾಕ ಆಗಲಿಲ್ಲ, ಬೆನ್ನ ಮ್ಯಾಲ ನಾ ಇದ್ದೆ. ನೀವು ಅವರ ಹೆಸರು ತಂದು ನನಗ ಇಟ್ರಿ. ನಾ ಓ ಅಂದೆ. ಗೊಬ್ಬರ ಬೇಕಿತ್ತು, ಊರ ಮಂದಿ ಬೇಕಿತ್ತು."

"ನನ್ನ ಮನಸಿನ್ಯಾಗ..."

"ಗೊತ್ತೈತ್ರಿ" ಎಂದ ಪಾಸಾಂಗ. "ಹೋಗಿ ಬರ್ರಿ. ಬಸ್ಸಿನ ಹೊತ್ತಾತು."

ಆಮೇಲೆ ಹವಾಲ್ದಾರರು ಯಾರಿಗೂ ಹೆಸರಿಡಲಿಲ್ಲ. ಕಂಡಕ್ಟರನನ್ನು ಅವನ ಹೆಸರು ಕೇಳಿಕೊಂಡು ಕರೆಯತೊಡಗಿದರು. ನನ್ನನ್ನು ಬರೀ ಮಾಸ್ತರ ಎಂದರು. ಮಹಾದೇವಪ್ಪನ ಅಂಗಡಿಯಲ್ಲಿ ಕುಳಿತು, ಉಳಿದಿದ್ದ ಚೀಲಗಳ ಮೇಲಿನ ಕೆಂಪು ಅಕ್ಷರವನ್ನು ಸೀಮೆಎಣ್ಣೆ ಬಟ್ಟೆಯಿಂದ ತಾವೇ ತಿಕ್ಕಿದರು. ಗಣರಾಜ್ಯೋತ್ಸವಕ್ಕೆ ಕರೆಯಲು ಹೋದವರಿಗೆ ಕಾಲು ನೋವೆಂದರು. ಆ ಚಳಿಗಾಲಕ್ಕೆ ಕಾಲುಚೀಲ ಬರಲಿಲ್ಲ. ಸೊಸೆ ಶಿಗ್ಗಾವಿಯಿಂದ ಹೊಸದು ತಂದುಕೊಟ್ಟರೂ ಹಾಕಿಕೊಳ್ಳದೆ, ಹಿಮ್ಮಡಿ ಹರಿದ ಹಳೆಯದನ್ನೇ ಹೊಲಿದು ಹಾಕಿಕೊಂಡರು.

ಅವರಿಗೆ ಉಳಿದಿದ್ದ ಆಸೆ ಒಂದೇ, ಕೋರ್ಟಿನಲ್ಲಿ ನಿಂತು ಕಂಡದ್ದನ್ನು ಹೇಳುವುದು. ತಾರೀಖು ಮುಂದೆ ಹೋಗುತ್ತಲೇ ಇತ್ತು. ಕಡೆಯ ಸಲ ನಾನು ಹೋದಾಗ ಹಾಸಿಗೆ ಹಿಡಿದಿದ್ದರು. ಗೋಡೆಗೆ ಒರಗಿದ್ದರು, ಅವರು ಒರಗಿದ್ದನ್ನು ನಾನು ಕಂಡದ್ದು ಅಂದೇ. "ಮಾಸ್ತರ, ಎಲ್ಲಿ ನಿಂತಿದ್ವಿ ಅನ್ನೂದು ಮದಲ ಹೇಳ್ರಿ. ಇಲ್ಲಂದ್ರ ನಂಬೂದಿಲ್ಲ" ಎಂದರು. ಅವರು ತೀರಿಕೊಂಡಾಗ ಮಣ್ಣಿಗೆ ಕ್ಯಾಂಪಿನಿಂದ ಯಾರೂ ಬರಲಿಲ್ಲ.

ವಿಚಾರಣೆ ಇನ್ನೂ ಮುಗಿದಿಲ್ಲ. ಅಂದು ಕ್ರಾಸಿನಲ್ಲಿದ್ದು ಕಂಡವರಲ್ಲಿ ಈಗ ಬದುಕಿರುವವರು: ಗೊಬ್ಬರದಂಗಡಿಯ ಮಹಾದೇವಪ್ಪ, ತಾನು ಒಳಗೆ ತೂಕ ಹಾಕುತ್ತಿದ್ದೆ ಎನ್ನುತ್ತಾನೆ. ಚಹಾದ ಬೀಬಿಜಾನ್, ಕರೆದರೆ ಬರುತ್ತೇನೆ ಎಂದಿದ್ದಾಳೆ. ಮೇಲಿನ ಮೆಟ್ಟಿಲಲ್ಲಿದ್ದ ನಾನು. ಮತ್ತು ಪಾಸಾಂಗ.