ಎರಡು ಕೈಯ ಕೆಲಸ

ಆ ಡೈರಿಯ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಟ್ಟವನು ನಾನೇ. ಶಿಕಾರಿಪುರದಲ್ಲಿ ಒಂದು ಬಾಡಿಗೆ ಕೋಣೆ, ಎರಡು ಕಂಪ್ಯೂಟರು, ಒಂದು ಬೈಕು; ನನ್ನ ಆಫೀಸು ಅಷ್ಟೇ. ಡೈರಿ ಇದ್ದದ್ದು ಸೊರಬದ ಕಡೆ, ಆನವಟ್ಟಿಗೆ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಬೆಳಿಗ್ಗೆ ಊರಿನವರು ಹಾಲು ತರುತ್ತಾರೆ. ಒಂದು ಮಿಷನ್ನು ತೂಕ ಹೇಳುತ್ತದೆ, ಪಕ್ಕದ ಫ್ಯಾಟ್ ಮಿಷನ್ನು ಹಾಲು ಎಷ್ಟು ಗಟ್ಟಿ ಎಂದು ಹೇಳುತ್ತದೆ; ದುಡ್ಡು ಸಿಗುವುದು ಅದರ ಮೇಲೆ. ಎರಡೂ ಅಂಕಿಗಳನ್ನು ತಂದವರ ಹೆಸರಿನ ಮುಂದೆ ಬರೆದಿಡುವುದು ನನ್ನ ಪ್ರೋಗ್ರಾಮಿನ ಕೆಲಸ.

ಅದು ವಾರಕ್ಕೊಮ್ಮೆಯೋ ಎರಡು ಸಲವೋ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ತೆರೆದರೆ ಒಬ್ಬರ ಫ್ಯಾಟು ಇನ್ನೊಬ್ಬರ ಹೆಸರಿನ ಮುಂದೆ ಕೂತಿರುತ್ತಿತ್ತು. ಎಮ್ಮೆ ಹಾಲು ತಂದವರಿಗೆ ನೀರು ಬೆರೆಸಿದಂಥ ಅಂಕಿ ಬಂದರೆ ಸುಮ್ಮನಿರುತ್ತಾರೆಯೇ? ಅನುಮಾನ ಬಿದ್ದದ್ದು ಅಲ್ಲಿ ಹಾಲು ಅಳೆಯುತ್ತಿದ್ದ ಹೆಂಗಸಿನ ಮೇಲೆ. ತನಗೆ ಬೇಕಾದವರಿಗೆ ಒಳ್ಳೇ ಫ್ಯಾಟು ಹಾಕುತ್ತಾಳೆ ಎಂದು ಊರೆಲ್ಲ ಗುಸುಗುಸು. ಡೈರಿಯ ಅಧ್ಯಕ್ಷರು ನನಗೆ ಫೋನು ಮಾಡಿದರು. "ತಪ್ಪು ನಿಮ್ ಕಂಪ್ಯೂಟರಿಂದೋ, ಆ ಅಮ್ಮಂದೋ, ಒಂದ್ ಹೇಳ್ಬಿಡ್ರಿ. ಆ ಅಮ್ಮಂದಾದ್ರೆ ಕೆಲಸದಿಂದ ತೆಗೀತೀವಿ."

ಮೂರು ದಿನ ಬೆಳಿಗ್ಗೆ ಡೈರಿಗೆ ಹೋಗಿ ಕೂತೆ. ಆಕೆ ಸೆರಗಿನಲ್ಲಿ ಸ್ಟೂಲು ಒರೆಸಿ ಕೊಟ್ಟರು. ಕೆಲಸವೂ ಅಷ್ಟೇ ಅಚ್ಚುಕಟ್ಟು. ತೂಕ ಹಾಕುವರು, ಸ್ಯಾಂಪಲನ್ನು ಫ್ಯಾಟ್ ಮಿಷನ್ನಿಗೆ ಇಡುವರು, ಅಂಕಿ ಬರುವ ತನಕ ಕೈಕಟ್ಟಿ ನಿಲ್ಲುವರು, ಆಮೇಲೆ ಮುಂದಿನವರನ್ನು ಕರೆಯುವರು. ಪ್ರೋಗ್ರಾಂ ಒಂದು ಸಲವೂ ನಿಲ್ಲಲಿಲ್ಲ.

"ಅಕ್ಕಾ, ದಿನಾ ಹಿಂಗೇ ಮಾಡ್ತೀರಾ?" ಎಂದು ಕೇಳಿದೆ.

"ಹೂಂ ಸರ್, ನೀವ್ ಹೇಳ್ಕೊಟ್ಟಂಗೇ."

ಕೋಣೆಗೆ ಬಂದು ಬರೆದ ಕೋಡನ್ನೇ ಮತ್ತೆ ಮತ್ತೆ ಓದಿದೆ. ತಪ್ಪು ಕಾಣಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ತಟ್ಟುತ್ತಿರಲಿಲ್ಲ. ಸಾರಿಗೆ ಉಪ್ಪು ಬಿದ್ದಿಲ್ಲ ಎನ್ನುವುದೂ ತಟ್ಟೆ ತೊಳೆಯುವಾಗ ನೆನಪಾಗುತ್ತಿತ್ತು. ಯಾಕೆ ಹೀಗೆ ಎಂದು ಯೋಚಿಸಲೂ ಬೇಸರ. 'ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಬಳಕೆಯಲ್ಲಿ ಲೋಪವಿರಬಹುದು' ಎಂದು ಒಂದೇ ಸಾಲು ಬರೆದು ಕಳಿಸಿದೆ. 'ಇರಬಹುದು' ಎಂದು ಬರೆದಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ವಾರವೇ ಆಕೆಯನ್ನು ಕೆಲಸದಿಂದ ಬಿಡಿಸಿದರು. ಸುದ್ದಿ ಕೇಳಿ ನನಗೆ ಏನೂ ಅನಿಸಲಿಲ್ಲ.

ಅವರ ಜಾಗಕ್ಕೆ ಬಂದವರು ಒಬ್ಬ ವಯಸ್ಸಾದ ಗಂಡಸು. ಅಂದಿನಿಂದ ಪ್ರೋಗ್ರಾಂ ಒಮ್ಮೆಯೂ ನಿಲ್ಲಲಿಲ್ಲ. ಇನ್ನೇನು ಬೇಕು? ಕಳ್ಳಿ ಸಿಕ್ಕಳು ಎಂದು ಊರು ತೀರ್ಮಾನ ಮಾಡಿತು, ನಾನೂ ಮಾಡಿದೆ.

ಎರಡು ತಿಂಗಳಾದ ಮೇಲೆ ಪ್ರಿಂಟರು ಬದಲಿಸಲು ಹೋದಾಗ ಹಾಲು ತಂದವರ ಸಾಲು ರಸ್ತೆಯ ತನಕ ಬೆಳೆದಿತ್ತು. ಆನವಟ್ಟಿಯ ಬಸ್ಸು ಹಾರ್ನ್ ಹಾಕಿಕೊಂಡು ಹೊರಟೇ ಹೋಯಿತು. ಬಸ್ಸು ತಪ್ಪಿದ ಹೆಂಗಸೊಬ್ಬರು ಖಾಲಿ ಕ್ಯಾನು ಕುಕ್ಕಿ ಹೊಸಬರನ್ನು ತರಾಟೆಗೆ ತೆಗೆದುಕೊಂಡರು.

"ಏನ್ ನಿದ್ದಿ ಮಾಡ್ತೀರೇನ್ರೀ? ಆವಮ್ಮ ಇದ್ದಾಗ ಒಂದ್ ಕೈ ಫ್ಯಾಟ್ ಮಿಷನ್ ಮ್ಯಾಗೆ, ಇನ್ನೊಂದ್ ಕೈಯಾಗೆ ಮುಂದಿನೋರ ಹಾಲು ತೂಕಕ್ಕೆ. ಒಂದ್ ದಿನಾನೂ ಬಸ್ ತಪ್ಪಿರ್ಲಿಲ್ಲ."

ಪ್ರಿಂಟರಿನ ವೈರು ಹಿಡಿದುಕೊಂಡು ಹಾಗೇ ನಿಂತೆ.

ಒಬ್ಬರ ಫ್ಯಾಟು ಬರುವುದಕ್ಕೂ ಮುಂದಿನವರ ತೂಕ ಬರುವುದಕ್ಕೂ ಕಣ್ಣು ಮಿಟುಕಿಸುವಷ್ಟೂ ಅಂತರವಿಲ್ಲದಿದ್ದರೆ ಏನಾಗುತ್ತದೆ ಎಂದು ನಾನು ಯೋಚಿಸಿರಲೇ ಇಲ್ಲ. ಎರಡೂ ಅಂಕಿಗಳು ಒಂದೇ ಜಾಗಕ್ಕೆ ನುಗ್ಗುತ್ತಿದ್ದವು. ಜನಕ್ಕೆ ಬಸ್ಸು ಸಿಗಲೆಂದು ಆಕೆ ಎರಡು ಕೈಯಲ್ಲಿ ದುಡಿಯುತ್ತಿದ್ದರು. ನಾನು ಹೋಗಿ ಕೂತರೆ ಒಂದೊಂದೇ ಮಾಡುತ್ತಿದ್ದರು. ಸಾಹೇಬರು ಬಂದು ಕೂತಾಗ ನಮ್ಮ ಕಡೆ ಯಾರೂ ಕೆಲಸ ಮಾಡುವುದಿಲ್ಲ, ಪಾಠ ಒಪ್ಪಿಸುತ್ತಾರೆ. ಇದು ಗೊತ್ತಿದ್ದೂ ಸ್ಟೂಲಿನ ಮೇಲೆ ಕೂತಿದ್ದವನು ನಾನು.

ಕೋಣೆಗೆ ಬಂದು ಎರಡೂ ಅಂಕಿಗಳನ್ನು ಒಟ್ಟಿಗೇ ಕಳಿಸಿ ನೋಡಿದೆ. ಏಳನೆಯ ಸಲಕ್ಕೆ ಪ್ರೋಗ್ರಾಂ ಮುಚ್ಚಿಕೊಂಡಿತು. ಒಂದು ಬರೆದು ಮುಗಿಯುವ ತನಕ ಇನ್ನೊಂದು ಕಾಯಲಿ, ಯಾರ ಫ್ಯಾಟು ಅವರಿಗೇ ಹೋಗಲಿ ಎಂದು ನಾಲ್ಕಾರು ಸಾಲು ಸೇರಿಸಿದೆ. ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ.

ತಪ್ಪು ನನ್ನದೇ ಎಂದು ಈ ಸಲ 'ಇರಬಹುದು' ಇಲ್ಲದೆ ಬರೆದು ಅಧ್ಯಕ್ಷರಿಗೆ ಕೊಟ್ಟೆ. "ಈಗ ಸರಿ ನಡೀತೈತಲ್ರೀ, ಯಾಕ್ ಕೆದಕ್ತೀರಿ?" ಎಂದರು. ಆದರೂ ಸಾಲಿನಲ್ಲಿ ನಿಲ್ಲುವವರ ಬೈಗುಳ ಅವರಿಗೂ ಸಾಕಾಗಿತ್ತು. ಆಕೆಯನ್ನು ಮತ್ತೆ ಕರೆಸಿಕೊಂಡರು.

ಆಕೆ ಬಂದ ಮೊದಲ ದಿನ ನಾನೂ ಹೋದೆ. ಸ್ಟೂಲು ಒರೆಸಿ ಕೊಟ್ಟರು. ಕೂರಲಿಲ್ಲ.

"ಅಕ್ಕಾ, ತಪ್ಪು ನನ್ದು. ಸರಿ ಮಾಡೀನಿ. ಈಗ ಎರಡೂ ಕೈಯಲ್ಲಿ ಮಾಡ್ರಿ, ಏನೂ ಆಗಲ್ಲ."

"ಹೂಂ ಸರ್," ಎಂದರು.

ತೂಕ ಹಾಕಿದರು. ಸ್ಯಾಂಪಲು ಇಟ್ಟರು. ಅಂಕಿ ಬರುವ ತನಕ ಕೈಕಟ್ಟಿ ನಿಂತರು. ನಾನಿದ್ದೇನೆಂದು ಹೀಗೆ ಎಂದುಕೊಂಡು ಬೈಕು ಹತ್ತಿ ಹೊರಟುಬಂದೆ.

ಮರುವಾರ ಹೇಳದೆ ಹೋಗಿ ರಸ್ತೆಯ ಆಚೆ ಬದಿಯಲ್ಲಿ ನಿಂತೆ. ಸಾಲು ಉದ್ದವಿತ್ತು. ಬಸ್ಸು ಬಂದು ಹಾರ್ನ್ ಹಾಕಿತು, ಸಾಲಿನಲ್ಲಿದ್ದವರು ಕೂಗಾಡಿದರು. ಒಳಗೆ ಆಕೆ ಕೈಕಟ್ಟಿಕೊಂಡು ಅಂಕಿ ಬರುವುದನ್ನೇ ನೋಡುತ್ತ ನಿಂತಿದ್ದರು.