ಶಾಲು ಸಮೇತ ಬಂದ ಸೋಷಿಯಲ್ ವರ್ಕರ್

ಹೋದ ತಿಂಗಳ ಒಂದು ಭಾನುವಾರ ಕಗ್ಗದಾಸಪುರದ ನಮ್ಮಕ್ಕನ ಮನೆಗೆ ಒಬ್ಬರು ಶಾಲು, ಹಣ್ಣಿನ ಬುಟ್ಟಿ, ಫೋಟೋಗ್ರಾಫರ್ ಸಮೇತ ಬಂದಿಳಿದರು. ಕರೆಸಿದ್ದು ನಾನೇ. ಆದರೆ ನಾನು ಕೇಳಿದ್ದೇ ಬೇರೆ.

ಭಾವ ತೀರಿಕೊಂಡ ಮೇಲೆ ಅಕ್ಕ ಹೊಸ್ತಿಲು ದಾಟಿರಲಿಲ್ಲ. ತರಕಾರಿ ಗಾಡಿ ಗೇಟಿನ ಮುಂದೆ ನಿಂತರೂ ಹೋಗುತ್ತಿರಲಿಲ್ಲ. ಏನು ಕೇಳಿದರೂ ‘ಹೂಂ’, ಇಲ್ಲವೇ ‘ಊಹೂಂ’. ವಿಡಿಯೋ ಕಾಲ್‌ನಲ್ಲಿ ನೋಡಿದ ಡಾಕ್ಟರು, "ಮಾತ್ರೆ ಕೊಡ್ತೀನಿ, ಅದೊಂದೇ ಸಾಲಲ್ಲ. ಒಬ್ಬ ಕ್ಲಿನಿಕಲ್ ಸೋಷಿಯಲ್ ವರ್ಕರ್‌ನ ಹುಡುಕಿ. ಮನೆಗೇ ಬಂದು ಕೂತು ಮಾತಾಡ್ತಾರೆ" ಅಂದರು.

ಎಲ್ಲಿ ಹುಡುಕುವುದು? (ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಊರು ಇದು!) ಮೊಬೈಲ್‌ನಲ್ಲಿ ಹುಡುಕಿದರೆ ಇಂದಿರಾನಗರದ ಕೂದಲು ಕಸಿ ಕ್ಲಿನಿಕ್‌ಗಳು ಬಂದವು. ಕೊನೆಗೆ ಅಕ್ಕನ ರಸ್ತೆಯ ದಿನಸಿ ಅಂಗಡಿಯ ಮಂಜಣ್ಣನನ್ನು ಕೇಳಿದೆ.

"ಸೋಷಿಯಲ್ ವರ್ಕರಾ? ಅದಕ್ಯಾಕ್ ಸಾರ್ ಟೆನ್ಷನ್? ನಮ್ಮಣ್ಣ ಇದಾರಲ್ಲ!" ಎಂದು ಎದುರಿನ ಫ್ಲೆಕ್ಸ್ ತೋರಿಸಿದ. ಕೂಲಿಂಗ್ ಗ್ಲಾಸ್, ಜೋಡಿಸಿದ ಕೈ, ಕೆಳಗೆ ದಪ್ಪಕ್ಷರದಲ್ಲಿ ‘ಸಮಾಜ ಸೇವಕರು’.

"ಅಲ್ಲಪ್ಪಾ, ಕ್ಲಿನಿಕಲ್ ಆಗ್ಬೇಕು."

"ಹೆಲ್ತ್ ಕ್ಯಾಂಪೂ ಮಾಡಿಸ್ತಾರೆ ಸಾರ್!"

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಹೋಗಿಯಾಗಿತ್ತು.

ಹಾಗೆ ಬಂದರು ಅಣ್ಣ. ಅಕ್ಕನಿಗೆ ಶಾಲು ಹೊದಿಸಿದರು. "ಅಮ್ಮಾ, ನಾವಿದೀವಿ. ನೀರಿನ ಪ್ರಾಬ್ಲಮ್ಮಾ? ಮೋರಿದಾ?" ಎಂದು ವಿಚಾರಿಸಿದರು. ಫೋಟೋಗ್ರಾಫರ್, "ಸ್ವಲ್ಪ ನಗಿ ಅಮ್ಮಾ" ಅಂದ. ಅಕ್ಕ ಎದ್ದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನನಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. (ಸುಳ್ಳು ಹೇಳಬಾರದು, ಮಾರನೇ ದಿನ ಮೋರಿ ಕ್ಲೀನ್ ಆಯಿತು.)

ಆಮೇಲೆ ಫ್ರೇಜರ್ ಟೌನ್‌ನ ಗೆಳೆಯನೊಬ್ಬ ಶಬಾನಾ ಎಂಬವರ ನಂಬರ್ ಕೊಟ್ಟ. ಓದಿದ್ದೂ ಇದನ್ನೇ, ಮಾಡುವುದೂ ಇದನ್ನೇ. ಇದೇ ಊರಲ್ಲಿದ್ದೂ ನನಗೇಕೆ ಸಿಗಲಿಲ್ಲ?

"ಬೋರ್ಡ್ ಹಾಕಿಲ್ವಾ ಮೇಡಂ?" ಎಂದು ಫೋನಿನಲ್ಲೇ ಕೇಳಿದೆ.

"ಸೋಷಿಯಲ್ ವರ್ಕರ್ ಅಂತ ಹಾಕಿದ್ದೆ ಸಾರ್. ದಿನಾ ರೇಷನ್ ಕಾರ್ಡ್ ಮಾಡಿಸ್ಕೊಡಿ ಅಂತ ಬರೋರು. ಒಬ್ರಂತೂ ನಿಮ್ಗೆ ಟಿಕೆಟ್ ಸಿಕ್ತಾ ಅಂದ್ರು. ತೆಗೆದ್ಬಿಟ್ಟೆ."

ಶಬಾನಾ ಆಟೋದಲ್ಲಿ ಒಬ್ಬರೇ ಬಂದರು, ಬರಿಗೈಯಲ್ಲಿ. "ಸಾರ್, ನೀವು ಸ್ವಲ್ಪ ಹೊರಗಿರಿ" ಅಂದರು. ನಾನು ಕ್ಲೀನ್ ಆದ ಮೋರಿಯ ಪಕ್ಕ ನಿಂತೆ. ಆಮೇಲೆ ಕಿಟಕಿಯಿಂದ ಅಕ್ಕ ಅಳುವುದು ಕೇಳಿಸಿತು. ಭಾವ ಹೋದ ದಿನವೂ ಅವಳು ಅತ್ತಿರಲಿಲ್ಲ. ಅಳುವಿನ ನಡುವೆ ಮಾತೂ ಬರುತ್ತಿತ್ತು, ಪೂರ್ತಿ ವಾಕ್ಯಗಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮಂಜಣ್ಣನನ್ನೂ ಕ್ಷಮಿಸಿಬಿಟ್ಟೆ.

ಮುಂದಿನ ಗುರುವಾರ ಬರುತ್ತೇನೆಂದು ಹೇಳಿ ಅವರು ಹೊರಟರು. ಅಕ್ಕ ಹೊಸ್ತಿಲವರೆಗೆ ಬಂದು ನಿಂತಳು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

"ಇವ್ರು ಎಲೆಕ್ಷನ್‌ಗೆ ನಿಲ್ತಾರೇನೋ?" ಅಂದಳು. "ನಿಂತ್ರೆ ಹೇಳೋ, ವೋಟ್ ಹಾಕೋಕೆ ಬರ್ತೀನಿ."