ಸಹಿ ಇಲ್ಲದ ಹನ್ನೊಂದು ದಿನ

ಅಜ್ಜಿಯ ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡುತ್ತಿದ್ದ ಆ ನರ್ಸ್, ಬಸವಕಲ್ಯಾಣದ ಹತ್ತಿರದ ನಮ್ಮೂರ ಆರೋಗ್ಯ ಕೇಂದ್ರಕ್ಕೆ ಹುಮನಾಬಾದಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಪ್ಲಾಸ್ಟರನ್ನು ಮೊದಲೇ ತುಂಡು ತುಂಡಾಗಿ ಹರಿದು ಎಡ ಮುಂಗೈಗೆ ಸಾಲಾಗಿ ಅಂಟಿಸಿಕೊಳ್ಳುತ್ತಿದ್ದರು. ಅಜ್ಜಿ ನರಳಿದರೆ, "ಅಂಜಬ್ಯಾಡ ಆಯಿ, ನಾ ಅದೀನಲ್ಲ," ಎನ್ನುತ್ತಿದ್ದರು. ಡ್ರೆಸಿಂಗ್ ಆದ ದಿನಗಳನ್ನೆಲ್ಲ ನಾನು ದಿನಚರಿಯಲ್ಲಿ ಬರೆದಿಡುತ್ತಿದ್ದೆ.

ಅವರದು ಗುತ್ತಿಗೆ ಕೆಲಸ. ಪ್ರತಿ ಏಪ್ರಿಲ್‌ನಲ್ಲಿ ಹೊಸ ಆದೇಶ ಬರುವವರೆಗೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡುವಂತಿಲ್ಲ. ಆದರೂ ಬಂದು ದುಡಿಯುವುದು ಅಲ್ಲಿನ ರೂಢಿ. ಆ ವರ್ಷ ಅನುದಾನ ಕಡಿತವಾಗಿ ಆದೇಶವೇ ಬರಲಿಲ್ಲ. ನನ್ನ ದಿನಚರಿಯ ಪ್ರಕಾರ ಅವರು ಹನ್ನೊಂದು ದಿನ ಹಾಗೆಯೇ ಬಂದಿದ್ದರು.

ಹನ್ನೆರಡನೆಯ ದಿನ ಅಜ್ಜಿ, ನರ್ಸ್ ಮತ್ತು ನಾನು ಒಳಗೆ ಡ್ರೆಸಿಂಗ್ ಕೋಣೆಯಲ್ಲಿದ್ದಾಗ, ತಪಾಸಣೆಗೆ ಬಂದ ಅಧಿಕಾರಿ ಹೊರಗಿನ ಮೇಜಿನ ಬಳಿ ಹಾಜರಿ ಪುಸ್ತಕ ತಿರುವಿದರು.

"ನರ್ಸ್ ಇಲ್ದಾನೇ ಹನ್ನೊಂದು ದಿನ ನಡದದಲ್ರಿ! ಮತ್ತ ಈ ಹುದ್ದೆ ಯಾಕ ಬೇಕು?" ಎನ್ನುತ್ತ ಏನೋ ಬರೆದುಕೊಂಡು ಹೊರನಡೆದರು.

ನಾನು ದಿನಚರಿ ಹಿಡಿದು ಎದ್ದೆ. ನರ್ಸ್ ನನ್ನ ತೋಳು ಹಿಡಿದರು.

"ಹುಚ್ಚಿ, ಅದನ್ನ ತೋರಿಸಿದ್ರ, ಆರ್ಡರ್ ಇಲ್ದ ಡ್ರೆಸಿಂಗ್ ಯಾಕ ಮಾಡ್ದಿ ಅಂತ ನನ್ನೇ ಹಿಡೀತಾರ."

"ತೋರಿಸ್ಲಿಲ್ಲಂದ್ರ ನಿಮ್ಮ ಕೆಲಸ ಹೋಗ್ತದಲ್ರಿ, ಸಿಸ್ಟರ್?"

"ಅದೂ ಖರೇನ."

"ಹಂಗಾರ ಏನ ಮಾಡ್ಲಿರಿ?"

"ನನಗರ ಏನ ಗೊತ್ತವ್ವ." ಅವರು ಡ್ರೆಸಿಂಗ್ ಟ್ರೇಯನ್ನು ನನ್ನತ್ತ ಸರಿಸಿದರು. "ಕೈ ತೊಳಕೊಂಡು ಬಾ. ಇವತ್ತ ನೀ ಕಟ್ಟು, ನಾ ನೋಡ್ತೀನಿ. ನಾಳಿಗಿ ಬೇಕಾಗ್ತದ."

ನಲ್ಲಿ ಅಂಗಳದಲ್ಲಿತ್ತು. ನಾಲ್ಕು ಹೆಜ್ಜೆ ಆಚೆ ಅಧಿಕಾರಿ ಜೀಪು ಹತ್ತುತ್ತಿದ್ದರು. ಕರೆಯಬೇಕೋ ಬೇಡವೋ ತಿಳಿಯದೆ, ಜೀಪು ಗೇಟು ದಾಟುವವರೆಗೂ ನಾನು ಕೈ ತೊಳೆಯುತ್ತಲೇ ನಿಂತಿದ್ದೆ.